ಕಂಬ ಒಡೆದ ಮೇಲೆ

2025ರ ಜುಲೈ ತಿಂಗಳ ಕೊನೆಯ ಭಾನುವಾರ. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಕಾಲಿಟ್ಟು ಮೂರು ದಿನಗಳಾಗಿದ್ದವು. ನಮ್ಮ ತಂದೆಯವರು, ನಾನು, ಎಂಟು ವರ್ಷದ ನನ್ನ ಮಗ, ಹೀಗೆ ಮೂರು ತಲೆಮಾರಿನ ಮೂವರೂ ಮಲ್ಲೇಶ್ವರದ ಮನೆಯಿಂದ ನಡೆದೇ ಹೊರಟು, ಸಂಪಿಗೆ ರಸ್ತೆಯ ತುದಿಯ ಮಾಲಿನಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಚಿತ್ರವನ್ನು ನೋಡಿದೆವು. ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು ಕುಳಿತ ನಮ್ಮ ಎದುರು ಕಂಬ ಬಿರಿಯಿತು; ಅದರ ಚೂರುಗಳು ನಮ್ಮ ಮಡಿಲಿಗೇ ಬಂದು ಬಿದ್ದಂತಾಯಿತು. ಇಡೀ ಸಭಾಂಗಣ ಒಂದೇ ಕೊರಳಾಗಿ ಕೂಗಿತು. ನನ್ನ ಮಗ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಅವನ ಉಗುರಿನ ಗುರುತು ಮನೆಗೆ ಬರುವವರೆಗೂ ಉಳಿದಿತ್ತು.

ಹಿಂದಿರುಗುವಾಗ ಸಣ್ಣಗೆ ಮಳೆ. ಮಾರ್ಗೋಸಾ ರಸ್ತೆಯ ಹೋಟೆಲೊಂದರಲ್ಲಿ ದೋಸೆಗಾಗಿ ಕಾದು ಕುಳಿತೆವು. ಅದುವರೆಗೆ ಸಿಂಹದ ಉಗುರು, ಗದೆ, ಆಕಾಶದಲ್ಲಿ ನಡೆದ ಯುದ್ಧ ಎಂದು ಬಾಯಿ ಬಿಡದೆ ಮಾತಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ:

“ತಾತ, ಆಮೇಲೆ ಪ್ರಹ್ಲಾದನಿಗೆ ಅವನ ಅಪ್ಪನ ನೆನಪು ಬರುತ್ತಿರಲಿಲ್ಲವಾ?”

ನಮ್ಮ ತಂದೆಯವರು ನನ್ನ ಮುಖ ನೋಡಿದರು. ಕನ್ನಡ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಕಾವ್ಯಮೀಮಾಂಸೆಯ ಪಾಠ ಹೇಳುತ್ತಿರುವ ನಾನು ತಟ್ಟೆಯನ್ನು ನೋಡಿದೆ. “ತಿನ್ನು ಮಗು, ದೋಸೆ ಆರಿಹೋಗುತ್ತೆ” ಎಂದರು ತಂದೆಯವರು.

ಆ ಪ್ರಶ್ನೆ ಆರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಈ ಚಿತ್ರ ತೆರೆಕಂಡದ್ದು ಜುಲೈ 25ರ ಶುಕ್ರವಾರ. ಅದೇ ಶುಕ್ರವಾರ, ಅದೇ ಮಾಲಿನಲ್ಲಿ, ಅಮೆರಿಕದ ಮಾರ್ವೆಲ್ ಸಂಸ್ಥೆಯ ‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಕೂಡ ಬಂದಿತು, ಎರಡು ವಾರಗಳ ಹಿಂದಷ್ಟೆ ಹೊಸ ‘ಸೂಪರ್‌ಮ್ಯಾನ್’ ಬಂದಿದ್ದಿತು. ಫೆಂಟಾಸ್ಟಿಕ್ ಫೋರ್ ಕಥೆಯಲ್ಲಿ ಲೋಕಗಳನ್ನೇ ನುಂಗುವ ದೈತ್ಯನೊಬ್ಬ, ಭೂಮಿಯನ್ನು ಬಿಟ್ಟುಬಿಡಬೇಕಾದರೆ ನಿಮ್ಮ ಮಗುವನ್ನು ನನಗೆ ಕೊಡಿ ಎನ್ನುತ್ತಾನೆ. ತಂದೆ ತಾಯಿಗಳು ಕೊಡಲೊಲ್ಲರು. ನಮ್ಮ ಕಥೆಯಲ್ಲಿ ಮೂರು ಲೋಕಗಳನ್ನು ಗೆದ್ದ ದೈತ್ಯನೇ ತಂದೆ. ಅವನು ತನ್ನ ಮಗುವನ್ನು ತಾನೇ ಕೊಲ್ಲಿಸಲು ಹೊರಡುತ್ತಾನೆ. ಒಂದೇ ಛಾವಣಿಯ ಕೆಳಗೆ, ಅಕ್ಕಪಕ್ಕದ ಎರಡು ಪರದೆಗಳ ಮೇಲೆ, ಮಗುವಿನ ಕಥೆಯೇ ಹೀಗೆ ಎರಡು ಬಗೆಯಾಗಿ ನಡೆಯುತ್ತಿದ್ದುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅತಿಮಾನುಷ ಬಲದ ಕಥೆಗೆ, ಅದು ಯಾವ ದೇಶದ್ದೇ ಆಗಲಿ, ಒಂದು ಮಗು ಬೇಕು; ಇಲ್ಲವೆ ಒಬ್ಬ ತಂದೆ ಬೇಕು. ಅದಿಲ್ಲದಿದ್ದರೆ ಆ ಬಲವೆಲ್ಲ ಯಾರ ಸಲುವಾಗಿ?

ನಮ್ಮ ಹಿರಿಯ ಲಾಕ್ಷಣಿಕರು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದರು: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಆಹಾರ್ಯವೆಂದರೆ ಹೊರಗಿನಿಂದ ತಂದು ತೊಡಿಸಿದ್ದು. ವೇಷ, ಬಣ್ಣ, ಕಿರೀಟ, ರಂಗದ ಮೇಲಿನ ಕೃತಕ ಬೆಟ್ಟ, ಕೃತಕ ಆನೆ. ಸಾತ್ವಿಕವೆಂದರೆ ಒಳಗಿನಿಂದ ಬಂದದ್ದು. ಕಣ್ಣೀರು, ನಡುಕ, ದನಿಯೊಡೆಯುವಿಕೆ, ಮೈ ನವಿರೇಳುವುದು. ಸಾತ್ವಿಕ ಭಾವಗಳು ಎಂಟು. ಅವುಗಳಲ್ಲಿ ಮೊದಲನೆಯದರ ಹೆಸರು ‘ಸ್ತಂಭ’, ಅಂದರೆ ಮೈ ಮರಗಟ್ಟಿ ನಿಲ್ಲುವುದು. ಪ್ರಹ್ಲಾದನ ಕಥೆಯಲ್ಲಿ ಒಡೆಯುವುದೂ ಸ್ತಂಭವೇ! ಈ ಶ್ಲೇಷೆಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ನಕ್ಕರು. ಗ್ರೀಸಿನ ಅರಿಸ್ಟಾಟಲನಂತೂ ರುದ್ರನಾಟಕದ ಆರು ಅಂಗಗಳನ್ನು ಎಣಿಸಿ, ಅವುಗಳಲ್ಲಿ ರಂಗದೃಶ್ಯಕ್ಕೆ ಕವಿಯ ಕಲೆಯೊಡನೆ ಸಂಬಂಧ ತೀರ ಕಡಿಮೆ ಎಂದುಬಿಟ್ಟ. ನಮ್ಮವರು ಅಷ್ಟು ಬಿಗಿಯಲ್ಲ. ವಿಸ್ಮಯವನ್ನೇ ಸ್ಥಾಯಿಯಾಗಿಟ್ಟು ‘ಅದ್ಭುತ’ವೆಂಬ ರಸವೊಂದನ್ನು ಒಪ್ಪಿದ ಪರಂಪರೆ ನಮ್ಮದು. ಬೆರಗಾಗಲು ಬಂದ ಪ್ರೇಕ್ಷಕನನ್ನು ನಾವು ಕೀಳೆಂದು ಎಣಿಸಲಿಲ್ಲ.

ಹಳ್ಳಿಯ ಬಯಲಾಟದಲ್ಲಿ ರಾಕ್ಷಸವೇಷ ಬರುವಾಗ ಪಂಜಿಗೆ ರಾಳದ ಪುಡಿ ಎರಚುತ್ತಾರೆ. ಒಮ್ಮೆಲೆ ಎದ್ದ ಬೆಂಕಿಯ ನಡುವೆ ಕೆಂಪು ಕಣ್ಣು, ಕೋರೆಹಲ್ಲು ಕಂಡು ಮಕ್ಕಳು ತಾಯಂದಿರ ಸೆರಗಿನೊಳಗೆ ಹುದುಗುತ್ತವೆ. ಒಂದು ಹಿಡಿ ರಾಳದಿಂದ ಆಗುವ ಕೆಲಸವದು. ಗುಬ್ಬಿ ವೀರಣ್ಣನವರ ಕಂಪನಿಯ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಅದನ್ನು ಕಾಣಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿಯ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಚಾಮರಾಜಪೇಟೆಯವರಿಗೆ ಕಾಲ್ನಡಿಗೆಯ ದೂರ. ಅದರ ನಾಯಕನಾದರೂ ಯಾರು? ಮೋಡದ ಮರೆಯಲ್ಲಿ ನಿಂತು ಕಾದಾಡಬಲ್ಲ ಇಂದ್ರಜಿತು, ಎಂ.ವಿ. ಸುಬ್ಬಯ್ಯ ನಾಯ್ಡು ಅವರು ಆ ಪಾತ್ರವನ್ನು ವಹಿಸಿದರು. ಆದರೆ ಚಿತ್ರಕ್ಕೆ ಇಟ್ಟ ಹೆಸರು ಅವನದಲ್ಲ, ಅವನನ್ನು ಕಳೆದುಕೊಂಡವಳದು. ಮಾಯಾಯುದ್ಧವನ್ನು ತೋರಿಸಿ ಜನರನ್ನು ಕರೆದದ್ದು ನಿಜ. ಹೆಸರಿಡುವಾಗ ಮಾತ್ರ ಯಾರ ಕಣ್ಣೀರು ಉಳಿಯುತ್ತದೆ ಎಂಬುದನ್ನು ಆ ಮಹನೀಯರು ಬಲ್ಲವರಾಗಿದ್ದರು.

ನಮ್ಮ ತಂದೆಯವರ ಪಾಲಿನ ಸೂಪರ್‌ಹೀರೊ ಚಿತ್ರವೆಂದರೆ 1977ರ ‘ಬಭ್ರುವಾಹನ’. ಆಗ ಅವರಿಗೆ ಇಪ್ಪತ್ತು ವರ್ಷ. ಚಾಮರಾಜಪೇಟೆಯಲ್ಲಿ ಒಂದು ಕೋಣೆ, ಬಸವನಗುಡಿಯಲ್ಲಿ ಕಾಲೇಜು, ಜೇಬಿನಲ್ಲಿ ಬಸ್ಸಿನ ಚಿಲ್ಲರೆ. ಆ ಚಿಲ್ಲರೆಯನ್ನು ಉಳಿಸಿಕೊಂಡು ಮೆಜೆಸ್ಟಿಕ್ಕಿನವರೆಗೆ ನಡೆದುಹೋಗಿ ಆ ಚಿತ್ರವನ್ನು ನಾಲ್ಕು ಸಲ ನೋಡಿದರಂತೆ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ.ಜಿ. ಲಿಂಗಪ್ಪನವರ ಸಂಗೀತ, ಅರ್ಜುನನೂ ರಾಜಕುಮಾರರೇ, ಬಭ್ರುವಾಹನನೂ ರಾಜಕುಮಾರರೇ.

ಕಥೆ ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆಲ್ಲ ತಿಳಿದದ್ದೆ. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಕಟ್ಟಿದವನು ಬಭ್ರುವಾಹನ. ಕುದುರೆಯೊಡೆಯ ನಿನ್ನ ತಂದೆ ಎಂದು ತಾಯಿ ಚಿತ್ರಾಂಗದೆಯಿಂದ ತಿಳಿದೊಡನೆ, ಕಾಣಿಕೆಗಳೊಡನೆ ಬಂದು ಕಾಲಿಗೆರಗುತ್ತಾನೆ. ಅರ್ಜುನ ಏನು ಮಾಡುತ್ತಾನೆ? ನೀನು ನನ್ನ ಮಗನಾಗಿದ್ದರೆ ಹೇಡಿಯಂತೆ ಕುದುರೆಯನ್ನು ಒಪ್ಪಿಸುತ್ತಿದ್ದೆಯಾ ಎಂದು ಒದೆಯುತ್ತಾನೆ. ಅವನ ಹುಟ್ಟನ್ನು ಹಳಿಯುತ್ತಾನೆ. ಅಲ್ಲಿಂದ ಮುಂದಿನದು ಯುದ್ಧ. ಮಗನ ಬಾಣಕ್ಕೆ ತಂದೆಯ ತಲೆ ಉರುಳುತ್ತದೆ. ಪಾತಾಳದಿಂದ ಮಣಿ ತರಿಸಿ, ಕೃಷ್ಣನು ಬಂದು, ಸತ್ತವನು ಎದ್ದು ಕೂರುವವರೆಗಿನ ಅದ್ಭುತಗಳಿಗೆ ಲೆಕ್ಕವಿಲ್ಲ. ಆದರೆ ಇಷ್ಟೆಲ್ಲ ಅದ್ಭುತಗಳ ಬೇರು ಎಲ್ಲಿದೆಯೆಂದರೆ, ಕಾಲಿಗೆ ಬಿದ್ದ ಮಗನ ತಲೆಯ ಮೇಲೆ ಬಿದ್ದ ಆ ಒಂದು ಒದೆತದಲ್ಲಿ.

ಒಬ್ಬನೇ ನಟ ಒಂದೇ ಚೌಕಟ್ಟಿನಲ್ಲಿ ಇಬ್ಬರಾಗಿ ಕಾಣುವುದು ಆ ಕಾಲಕ್ಕೆ ಸುಲಭದ ಕೆಲಸವಾಗಿರಲಿಲ್ಲ. ಕ್ಯಾಮೆರಾವನ್ನು ಕದಲದಂತೆ ಬಿಗಿದು, ಮಸೂರದ ಅರ್ಧಭಾಗವನ್ನು ಮರೆಮಾಡಿ ಒಂದು ಪಾತ್ರವನ್ನು ಚಿತ್ರಿಸಬೇಕು. ಅದೇ ಸುರುಳಿಯನ್ನು ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ಮರೆಮಾಡಿ, ವೇಷ ಬದಲಿಸಿ ಬಂದ ನಟನಿಂದ ಮತ್ತೊಂದು ಪಾತ್ರವನ್ನು ಮಾಡಿಸಬೇಕು. ನಡುವಿನ ಕಾಣದ ಗೆರೆಯನ್ನು ಕೈಬೆರಳು ದಾಟಿದರೂ ಬೆರಳು ಮಾಯವಾಗುತ್ತದೆ! ಎದುರಿಗೆ ಯಾರೂ ಇಲ್ಲದ ಬಯಲನ್ನು ನೋಡುತ್ತ, ಅಲ್ಲಿ ತನ್ನ ಮಗನಿದ್ದಾನೆ ಎಂದು ಕೆರಳಬೇಕು. ಮರುಗಳಿಗೆ ಅತ್ತ ಹೋಗಿ, ಅದೇ ಬಯಲಿನಲ್ಲಿ ತಂದೆಯಿದ್ದಾನೆ ಎಂದು ನೋಯಬೇಕು. ಇದು ಆಹಾರ್ಯವೋ ಸಾತ್ವಿಕವೋ ನೀವೇ ಹೇಳಿ.

ಇದಕ್ಕಿಂತಲೂ ಸೂಕ್ಷ್ಮವಾದುದೊಂದನ್ನು ನಮ್ಮ ತಂದೆಯವರು ಗಮನಿಸಿದ್ದರು. ಯುದ್ಧಕ್ಕೆ ಮುನ್ನ ತಂದೆ ಮಗನ ನಡುವೆ ನಡೆಯುವ ಆ ಪ್ರಸಿದ್ಧ ವಾಗ್ವಾದದ ಗೀತೆಯಲ್ಲಿ ಅರ್ಜುನನಿಗೆ ಹಾಡಿದವರು ಪಿ.ಬಿ. ಶ್ರೀನಿವಾಸರು, ಬಭ್ರುವಾಹನನಿಗೆ ಹಾಡಿದವರು ಸ್ವತಃ ರಾಜಕುಮಾರರು. ಅನೇಕ ವರ್ಷಗಳ ಕಾಲ ರಾಜಕುಮಾರರ ಕಂಠವೆಂದರೆ ಶ್ರೀನಿವಾಸರ ಕಂಠವೇ ಆಗಿದ್ದಿತು; 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯವೇ ರಾಜಕುಮಾರರು ತಮ್ಮ ದನಿಯಲ್ಲಿ ತಾವು ಹಾಡತೊಡಗಿದ್ದು. ಹಾಗಾಗಿ ಆ ಹಾಡಿನಲ್ಲಿ ಹಳೆಯ ದನಿ ತಂದೆಯಾಗಿ, ಹೊಸ ದನಿ ಮಗನಾಗಿ, ಎರಡೂ ಒಬ್ಬನೇ ನಟನ ದನಿಗಳಾಗಿ ಎದುರುಬದುರು ನಿಂತವು. ಯೋಜಿಸಿ ಮಾಡಿದರೋ, ತಾನಾಗಿ ಒದಗಿಬಂದಿತೋ! “ತೆರೆಯ ಮೇಲೆ ಕತ್ತಿ ಹಿಡಿಯೋಕೆ ಮುಂಚೆಯೇ ನಮಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು” ಎಂದರು ತಂದೆಯವರು. ಅವರಿಗೂ ನಮ್ಮ ಅಜ್ಜನವರಿಗೂ ಆ ವರ್ಷಗಳಲ್ಲಿ ಮಾತುಕತೆ ಇರಲಿಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿದ ಸಂಗತಿ.

ಮರುವರ್ಷ, 1978ರಲ್ಲಿ, ಅಮೆರಿಕದಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಬಂದಿತು. ಮನುಷ್ಯ ಹಾರುವುದನ್ನು ನಂಬಿಸುವುದಕ್ಕೆ ಅವರು ಪಟ್ಟ ಪಾಡು ಸ್ವಾರಸ್ಯಕರವಾದುದು. ನಟ ಕ್ರಿಸ್ಟೊಫರ್ ರೀವ್ ಇದ್ದಲ್ಲಿಯೇ ಇರುತ್ತಾನೆ. ಹಿನ್ನೆಲೆಯನ್ನು ಬೀರುವ ಯಂತ್ರದ ಮಸೂರವೂ ಕ್ಯಾಮೆರಾದ ಮಸೂರವೂ ಒಂದಕ್ಕೊಂದು ತಾಳ ತಪ್ಪದಂತೆ ಹಿಗ್ಗುತ್ತ ಕುಗ್ಗುತ್ತವೆ. ಹಿನ್ನೆಲೆ ಇದ್ದಂತೆಯೇ ಉಳಿದು, ನಟ ಮಾತ್ರ ನಮ್ಮತ್ತ ನುಗ್ಗಿ ಬಂದಂತೆ ಕಾಣುತ್ತಾನೆ. ಆ ವರ್ಷದ ದೃಶ್ಯಚಮತ್ಕಾರಕ್ಕಾಗಿ ಆಸ್ಕರ್ ಮನ್ನಣೆಯೂ ದೊರೆಯಿತು. ಆದರೂ ನಾನು ನನ್ನ ವಿದ್ಯಾರ್ಥಿಗಳಿಗೆ ತೋರಿಸುವ ದೃಶ್ಯ ಬೇರೆ. ಸಾಕುತಂದೆ ಹೊಲದ ಮನೆಯ ಮುಂದೆ ಎದೆನೋವಿನಿಂದ ಕುಸಿದು ಸಾಯುತ್ತಾನೆ. ಸಮಾಧಿಯ ಬಳಿ ಆ ಹುಡುಗ, ಇಷ್ಟೆಲ್ಲ ಶಕ್ತಿಯಿದ್ದೂ ಅವರನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಕೊರಗುತ್ತಾನೆ. ಅಲ್ಲಿ ಯಾವ ಯಂತ್ರವೂ ಇಲ್ಲ; ಗಾಳಿ, ಹೊಲ, ಒಬ್ಬ ತಾಯಿ. ಚಿತ್ರದ ಕೊನೆಗೆ ಅವನು ಪ್ರಿಯತಮೆಯನ್ನು ಬದುಕಿಸಲು ಭೂಮಿಯನ್ನು ಸುತ್ತಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. “ಹಾಗಾದರೆ ಅಪ್ಪನಿಗಾಗಿ ಯಾಕೆ ತಿರುಗಿಸಲಿಲ್ಲ ಸಾರ್?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಈಚಿನ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ, 2019ರದು ಅದು, ಮೂರು ಗಂಟೆಗಳ ಕೋಲಾಹಲದ ನಡುವೆ ನಾಯಕನು 1970ನೇ ಇಸವಿಗೆ ಹಿಂದಿರುಗಿ, ತಾನಿನ್ನೂ ಹುಟ್ಟದಿರುವಾಗಿನ ತನ್ನ ತಂದೆಯನ್ನು ಕಂಡು ಮಾತಾಡುವ ಪ್ರಸಂಗವೊಂದಿದೆ. ತರಗತಿಯಲ್ಲಿ ಕೇಳಿದಾಗ ಹೆಚ್ಚು ಮಂದಿ ನೆನೆದದ್ದು ಅದನ್ನೇ. ಕೊನೆಯ ಮಹಾಯುದ್ಧದಲ್ಲಿ ಯಾರು ಯಾರನ್ನು ಹೊಡೆದರೆಂಬುದರ ಬಗ್ಗೆ ಅವರವರಲ್ಲೇ ಜಗಳವಾಯಿತು.

ಇನ್ನು ಪ್ರಹ್ಲಾದನಿಗೆ ಬರೋಣ. ಈ ಕಥೆಗೂ ಕನ್ನಡ ಚಿತ್ರರಂಗದ ತಂದೆ ಮಕ್ಕಳಿಗೂ ಏನೋ ಒಂದು ಋಣವಿದ್ದಂತಿದೆ. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ಮುಂದೆ ದೊಡ್ಡ ನಟರಾದವರು, ಬಾಲನಟನಾಗಿ ಮೊದಲು ಕಾಣಿಸಿಕೊಂಡದ್ದು 1958ರ ‘ಭಕ್ತ ಪ್ರಹ್ಲಾದ’ದಲ್ಲಿ. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯಲ್ಲಿ ಕಂಸ, ರಾವಣ, ಹಿರಣ್ಯಕಶಿಪುವಿನಂಥ ಪಾತ್ರಗಳಿಗೆ ಹೆಸರಾದವರು. 1983ರಲ್ಲಿ ವಿಜಯ್ ಅವರ ನಿರ್ದೇಶನದಲ್ಲಿ ರಾಜಕುಮಾರರು ತಂದೆಯ ಆ ಪಾತ್ರವನ್ನು ತಾವು ಎತ್ತಿಕೊಂಡಾಗ, ಪ್ರಹ್ಲಾದನಾಗಿ ಎದುರು ನಿಂತದ್ದು ಅವರ ಕಿರಿಯ ಮಗ. ಎಂಟು ವರ್ಷದ ಮಾಸ್ಟರ್ ಲೋಹಿತ್, ಮುಂದಿನ ಪುನೀತ್ ರಾಜಕುಮಾರ್. ಸರಿತಾ ಅವರದು ಕಯಾದುವಿನ ಪಾತ್ರ, ಅನಂತನಾಗ್ ಅವರದು ನಾರದನ ಪಾತ್ರ.

ಇಂದಿನ ಕಣ್ಣಿಗೆ ಆ ಚಿತ್ರದ ಚಮತ್ಕಾರಗಳು ಬಡವಾಗಿ ಕಾಣುವುದು ಸಹಜ. ಆದರೆ ರಾಜಕುಮಾರರ ಹಿರಣ್ಯಕಶಿಪುವನ್ನು ಗಮನಿಸಿ ನೋಡಬೇಕು. ಗದೆ ಹೊತ್ತು ನೆಲ ಅದುರುವಂತೆ ನಡೆಯುವ ಆ ದೇಹ ಬೆಳೆದದ್ದು ಕಂಪನಿ ನಾಟಕದ ಹಲಗೆಯ ಮೇಲೆ. ಹುಬ್ಬೊಂದನ್ನು ಎತ್ತಿದರೆ ಕೊನೆಯ ಸಾಲಿನವನಿಗೂ ಕಾಣಬೇಕೆಂಬ ಶಿಕ್ಷಣ ಅದು. ಅಂಥ ದೊಡ್ಡ ಅಭಿನಯದ ನಡುವೆ, ಮಗು ಮಾತಾಡುವಾಗ, ಕ್ಷಣಮಾತ್ರ ಆ ಕಣ್ಣು ಸಣ್ಣದಾಗುತ್ತದೆ. ಅಸುರನ ಕೋಪದೊಳಗಿನಿಂದ, ನನ್ನ ಮಗ ನನ್ನನ್ನು ಒಪ್ಪಲೊಲ್ಲನಲ್ಲ ಎಂಬ ಒಬ್ಬ ಸಾಮಾನ್ಯ ಗೃಹಸ್ಥನ ಅಪಮಾನ ಇಣುಕಿ ಹೋಗುತ್ತದೆ. ಅದು ನಟನೆಯೋ, ಎದುರಿಗಿರುವುದು ತನ್ನದೇ ಕೂಸೆಂಬ ಅರಿವೋ! ದೂರದರ್ಶನದಲ್ಲಿ ಈ ಚಿತ್ರ ಬಂದಾಗ ನಾನು ಚಿಕ್ಕವನು. ಕಂಬ ಒಡೆಯುವುದನ್ನೇ ಕಾಯುತ್ತಿದ್ದೆ. 2021ರ ಅಕ್ಟೋಬರ್ 29ರಂದು ಪುನೀತ್, ನಲವತ್ತಾರರ ವಯಸ್ಸಿನಲ್ಲಿ, ತೀರಿಕೊಂಡ ಮೇಲೆ ಅದನ್ನು ಮತ್ತೆ ನೋಡಿದಾಗ ಕಂಬದ ಕಡೆ ನನ್ನ ಕಣ್ಣು ಹೋಗಲೇ ಇಲ್ಲ. 2006ರಲ್ಲಿ ತಂದೆ ಹೋದರು, ಹದಿನೈದು ವರ್ಷಕ್ಕೆ ಮಗ. ತೆರೆಯ ಮೇಲೆ ಮಾತ್ರ ಆ ದೊಡ್ಡ ಕೈಯೊಂದು ಆ ಪುಟ್ಟ ಭುಜದ ಮೇಲೆ ಇನ್ನೂ ಇದೆ. ಯಾವ ನಿರ್ದೇಶಕನೂ ಯೋಜಿಸಲಾರದ ರಸವಿದು.

ಇಷ್ಟು ಹೇಳಿ ಹೊಸ ಚಿತ್ರವನ್ನು ಜರೆದರೆ ಅನ್ಯಾಯವಾದೀತು. ಅಶ್ವಿನ್ ಕುಮಾರ್ ನಿರ್ದೇಶನದ, ನಮ್ಮ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ಈ ಚಿತ್ರ ಒಬ್ಬ ನಟನೂ ಮುಖ ತೋರದೆ, ಪೂರ್ತಿಯಾಗಿ ಗಣಕಯಂತ್ರದಲ್ಲಿ ಮೂಡಿದ್ದು. ಭಾರತದಲ್ಲಿ ತಯಾರಾದ ಇಂಥ ಚಿತ್ರಗಳಲ್ಲಿ ಇಷ್ಟು ಹಣ ಗಳಿಸಿದ್ದು ಮತ್ತೊಂದಿರಲಿಲ್ಲ. 2037ರ ವರೆಗೆ ದಶಾವತಾರದ ಕಥೆಗಳನ್ನೇ ಏಳು ಚಿತ್ರಗಳ ಮಾಲೆಯಾಗಿ ತರುವುದಾಗಿ ಪ್ರಕಟಿಸಿದ್ದಾರೆ. ಮಾರ್ವೆಲ್‌ನವರ ದಾರಿಯೇ ಇದೂ. ಮೊದಲಲ್ಲಿ ಬರುವ ವರಾಹನ ಭಾಗದ ಗಾಂಭೀರ್ಯ, ನರಸಿಂಹನ ಕೇಸರದ ಒಂದೊಂದು ಎಳೆಯಲ್ಲೂ ಆಡುವ ಬೆಳಕು, ಇವು ಕೈತಟ್ಟಬೇಕಾದ ಕೆಲಸಗಳು. ನನ್ನ ಆಕ್ಷೇಪ ಒಂದೆ. ಕೊನೆಯ ಕಾಳಗ ಬಹು ದೀರ್ಘ. ಮೊದಲ ಹೊಡೆತಕ್ಕೆ ಮೈ ಜುಮ್ಮೆಂದಿತು. ಹತ್ತನೆಯದಕ್ಕೆ ನಾನು ಗಡಿಯಾರ ನೋಡಿಕೊಂಡೆ. ವಿಸ್ಮಯಕ್ಕೆ ಆಯುಸ್ಸು ಕಡಿಮೆ. ಒಂದು ಹಿಡಿ ರಾಳವನ್ನು ಎರಚುವವನಿಗೆ ಗೊತ್ತಿರುವ ಈ ಸತ್ಯ ಗಣಕಯಂತ್ರಕ್ಕೆ ಇನ್ನೂ ತಿಳಿದಂತಿಲ್ಲ. ಆ ಧೂಳು, ಆ ಗರ್ಜನೆಗಳ ನಡುವೆ ನಾನು ಮತ್ತೆ ಮತ್ತೆ ಹುಡುಕುತ್ತಿದ್ದುದು ಒಂದು ಪುಟ್ಟ ಮುಖವನ್ನು. ನನ್ನ ಮಗನೂ ಅದನ್ನೇ ಹುಡುಕುತ್ತಿದ್ದನೆಂದು ದೋಸೆಯ ಮುಂದೆ ತಿಳಿಯಿತು.

ಮನೆಗೆ ಬಂದವನೇ ಭಾಗವತದ ಏಳನೆಯ ಸ್ಕಂಧವನ್ನು ತೆರೆದೆ. ಕಾಳಗಕ್ಕೆ ಅಲ್ಲಿ ಕೆಲವೇ ಶ್ಲೋಕಗಳು. ಹಿರಣ್ಯಕಶಿಪುವಿನ ವಧೆಯಾದ ಮೇಲೂ ನರಸಿಂಹನ ಕೋಪ ಇಳಿಯುವುದಿಲ್ಲ. ಸಿಂಹಾಸನದ ಮೇಲೆ ಕುಳಿತ ಆ ಉಗ್ರರೂಪದ ಹತ್ತಿರ ಹೋಗಲು ದೇವತೆಗಳಿಗೆ ಧೈರ್ಯವಿಲ್ಲ, ಲಕ್ಷ್ಮಿಗೂ ಇಲ್ಲ. ಕಡೆಗೆ ಬ್ರಹ್ಮನು ಪ್ರಹ್ಲಾದನನ್ನು ಕರೆದು, ನೀನು ಹೋಗಪ್ಪ ಎನ್ನುತ್ತಾನೆ. ಹುಡುಗ ಮೆಲ್ಲಗೆ ಹೋಗಿ ಅಡ್ಡಬೀಳುತ್ತಾನೆ. ಇಷ್ಟು ಹೊತ್ತು ಕರುಳು ಬಗೆದ ಆ ಕೈ ಅವನ ತಲೆಯ ಮೇಲೆ ಬರುತ್ತದೆ. ವರ ಕೇಳೆಂದರೆ ಮೊದಲಿಗೆ ಏನೂ ಬೇಡವೆಂದವನು, ಕೊನೆಯಲ್ಲಿ ಕೇಳುವುದು ತಂದೆಯ ಸಲುವಾಗಿ: ನಿನ್ನನ್ನು ನಿಂದಿಸಿದ ಆ ಪಾಪದಿಂದ ನನ್ನ ತಂದೆ ಬಿಡುಗಡೆ ಹೊಂದಲಿ. ನರಸಿಂಹನು, ನಿನ್ನ ತಂದೆಯಷ್ಟೇ ಅಲ್ಲ, ಅವನೊಡನೆ ಇಪ್ಪತ್ತೊಂದು ತಲೆಮಾರಿನ ಪಿತೃಗಳೂ ಪುನೀತರಾದರು ಎನ್ನುತ್ತಾನೆ. ಹೋಗಿ ತಂದೆಯ ಅಂತ್ಯಕ್ರಿಯೆ ಮಾಡೆಂದು ಕಳುಹಿಸುತ್ತಾನೆ. ಪ್ರಹ್ಲಾದ ಹೋಗಿ ಮಾಡುತ್ತಾನೆ. ಆಮೇಲೆಯೇ ಪಟ್ಟಾಭಿಷೇಕ.

ಮರುದಿನ ಸಂಜೆ ಜಗುಲಿಯ ಮೇಲೆ ಕುಳಿತು ಇಷ್ಟನ್ನೂ ಮಗನಿಗೆ ಹೇಳಿದೆ. ನಮ್ಮ ತಂದೆಯವರು ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಪುಟ ಮಾತ್ರ ಮಗುಚುತ್ತಿರಲಿಲ್ಲ.

“ಅಂದರೆ ಅವನಿಗೆ ನೆನಪಿತ್ತು” ಎಂದ ಹುಡುಗ. ಆಮೇಲೆ, “ಇಪ್ಪತ್ತೊಂದು ತಲೆಮಾರು ಅಂದರೆ ಎಷ್ಟು ಜನ ತಾತ?” ಎಂದ.

“ನೀನು ಒಂದು, ನಿಮ್ಮಪ್ಪ ಎರಡು, ನಾನು ಮೂರು” ಎಂದು ತಂದೆಯವರು ಪತ್ರಿಕೆಯನ್ನು ಮಡಿಸಿಟ್ಟರು. ಹುಡುಗ ಬೆರಳು ಮಡಿಸುತ್ತ ಹೋದ. ನಾಲ್ಕನೆಯದು ನಮ್ಮ ಅಜ್ಜನವರ ಹೆಸರು. ಅದನ್ನು ಹೇಳುವಾಗ ತಂದೆಯವರ ದನಿ ಸ್ವಲ್ಪ ತಡೆಯಿತು. ಶ್ರಾದ್ಧದ ದಿನ ಹೇಳುವ ಇನ್ನೆರಡು ಹೆಸರುಗಳೂ ಬಂದವು. ಆರಕ್ಕೆ ಬಂದು ಎಣಿಕೆ ನಿಂತಿತು.

“ಮುಂದೆ ತಾತ?” ಎಂದು ಹುಡುಗ ಆರು ಬೆರಳು ಮಡಿಸಿಕೊಂಡೇ ಕಾಯುತ್ತಿದ್ದ.